ಅಂಗಾಲಿಗೆ ಬರೆದ ನಾಲ್ಕು ನಿಮಿಷ

ಮಾರ್ಚ್ ೧೨, ಬುಧವಾರ
ಬೆಳಗಿನ ಕಾಫಿ ಆದಮೇಲೆ

ಪ್ರೀತಿಯ ಚಿಕ್ಕಿ,

ಮೊದಲು ಬೈದುಬಿಡು, ಆಮೇಲೆ ಓದು. ನಿನಗೆ ಉತ್ತರ ಬರೆಯದೆ ಮೂರು ತಿಂಗಳಾಯಿತು. ತಲೆ ಬಾಚುವಾಗಲಾದರೂ ನೆನಪಾಗಲಿ ಅಂತ ನಿನ್ನ ಎರಡೂ ಕಾಗದಗಳನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟಿದ್ದೆ. ನೆನಪೂ ಆಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಕೊನೆಗೆ ಕನ್ನಡಿ ನೋಡದೆಯೇ ತಲೆ ಬಾಚುವುದನ್ನು ಕಲಿತೆ. ಎರಡನೆಯ ಕಾಗದದಲ್ಲಿ ನೀನು ಬರೆದದ್ದು ಒಂದೇ ಸಾಲು: "ಅಕ್ಕಾ, ಇದ್ದೀಯೋ ಇಲ್ವೋ?" ಇದ್ದೀನಿ ಕಣೇ, ಗುಂಡುಕಲ್ಲಿನ ಹಾಗೆ ಇದ್ದೀನಿ. ನಿನ್ನ ಗಂಡನ ಬೆನ್ನುನೋವು ಕಡಿಮೆಯಾಯಿತೇ? ಮೆಣಸಿನ ಹೊಸ ಹಲ್ಲು ನೆಟ್ಟಗೆ ಬಂತೇ? ಒಂಬತ್ತು ವರ್ಷಕ್ಕೇ ಅಷ್ಟು ಖಾರವಾಗಿರುವ ನಿನ್ನ ಮಗಳು ಇನ್ನು ಹಲ್ಲೂ ಗಟ್ಟಿಯಾದರೆ ಯಾರನ್ನು ಉಳಿಸುತ್ತಾಳೋ.

ಹೋದ ಭಾನುವಾರ ಒಂದು ಸಂಗತಿ ನಡೆಯಿತು. ನಿನಗೆ ಹೇಳದೆ ಹೊಟ್ಟೆ ಉಬ್ಬಿಹೋಗಿದೆ. ಆದರೆ ಅದನ್ನು ಡಿಸೆಂಬರಿನಿಂದ ಹೇಳಬೇಕು, ಇಲ್ಲದಿದ್ದರೆ ಬಾಲ ಮಾತ್ರ ಸಿಗುತ್ತದೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಬೆಳಗ್ಗೆ ಪೆನ್ಸಿಲ್ ಹಿಡಿದು ತಂತಿವಾದ್ಯಗಳಿಗೆ ಸ್ವರ ಬರೆಯುತ್ತೇನೆ. ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು ಅದೇ ಸ್ವರಗಳನ್ನು ಕತ್ತರಿಸಿ, ಹಿಗ್ಗಿಸಿ, ಡ್ರಮ್ಮಿನ ಬಡಿತದ ಮೇಲೆ ಕೂರಿಸುತ್ತೇನೆ. ಶಾಸ್ತ್ರೀಯದವರು "ಕುಲಗೆಡಿಸಿದಳು" ಅನ್ನುತ್ತಾರೆ. ಕ್ಲಬ್ಬಿನವರು "ಇವಳ ಸಂಗೀತದ ಮಧ್ಯೆ ಒಂದು ಒಳ್ಳೇ ನಿದ್ದೆ ಮಾಡಬಹುದು" ಅನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ; ನಡುವೆ ನಾನು ಕುಣಿಯುತ್ತಾ ಇದ್ದೇನೆ.

ನಾನು ನುಡಿಸುವ ಕ್ಲಬ್ಬು ಹಿಂದೆ ಅಚ್ಚುಮನೆಯ ಉಗ್ರಾಣವಾಗಿತ್ತು. ಮೂಲೆಗಳಲ್ಲಿ ಈಗಲೂ ಶಾಯಿಯ ವಾಸನೆ ಬರುತ್ತದೆ. ಅದರ ಒಡತಿ ಐವತ್ತು ದಾಟಿದ ಗಟ್ಟಿ ಹೆಂಗಸು. ಕುಣಿತ ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ಮಾತ್ರ. "ಸೋಮವಾರ ಬೆಳಗ್ಗೆ ಜನ ಕೆಲಸಕ್ಕೆ ಹೋಗಬೇಕಲ್ರೀ, ನಾನೂ ಮಲಗಬೇಕು" ಅನ್ನೋದು ಅವರ ವೇದಾಂತ.

ಡಿಸೆಂಬರಿನಲ್ಲಿ ಅಲ್ಲಿ ಹೊಸ ಕೃತಿಯೊಂದನ್ನು ನುಡಿಸಿದೆ. ಮೊದಲು ಡ್ರಮ್ಮು, ಕೊನೆಗೂ ಡ್ರಮ್ಮು. ನಡುವೆ ಎಲ್ಲವನ್ನೂ ನಿಲ್ಲಿಸಿ ನಾಲ್ಕು ನಿಮಿಷ ಚೆಲ್ಲೋ ಒಂದೇ. ನುಡಿಸಿದವರು ನಮ್ಮ ಮೇಷ್ಟ್ರೇ, ನನಗೆ ಹದಿಮೂರನೇ ವಯಸ್ಸಿನಿಂದ ಕಿವಿ ಹಿಂಡಿ ಸಂಗೀತ ಕಲಿಸಿದವರು. ಆ ವಾದ್ಯವನ್ನು ನೀನು "ಪಿಟೀಲಿನ ಅಜ್ಜಿ" ಅನ್ನುತ್ತಿದ್ದೆಯಲ್ಲ, ಅವರ ಮಂಡಿಗಳ ನಡುವೆ ಅದು ಈಗಲೂ ಹಾಗೇ ಬೆಚ್ಚಗೆ ಕೂರುತ್ತದೆ. ಆ ನಾಲ್ಕು ನಿಮಿಷ ನಾನು ಜನ್ಮದಲ್ಲಿ ಬರೆದ ಅತಿ ಒಳ್ಳೆಯ ಸಂಗೀತ. ಸುಳ್ಳು ವಿನಯ ಯಾಕೆ?

ಡ್ರಮ್ಮು ನಿಂತಿತು, ಚೆಲ್ಲೋ ಶುರುವಾಯಿತು. ಹಾಲಿನ ನಡುವೆ ಅದುವರೆಗೆ ಎಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಿದ್ದ ಹತ್ತು ಹನ್ನೆರಡು ಜನ ತಟ್ಟನೆ ನಿಂತರು. ಮುಖ ಮುಖ ನೋಡಿಕೊಂಡರು, ಕೈಚೆಲ್ಲಿದರು, ನೀರು ಕುಡಿಯಲು ಹೊರಟರು! ನನಗೆ ಮೈಯೆಲ್ಲ ಉರಿದುಹೋಯಿತು. ಮುಗಿದ ಮೇಲೆ ಅವರ ಗುಂಪಿನ ಹೆಂಗಸೊಬ್ಬಳನ್ನು ತಡೆದು, "ಇಷ್ಟವಾಗಲಿಲ್ಲವಾ?" ಅಂತ ಕೇಳಿಯೇಬಿಟ್ಟೆ. ಆಕೆ ನನ್ನ ತುಟಿಗಳನ್ನೇ ನೋಡಿ, ಫೋನ್ ತೆಗೆದು ಬರೆದು ತೋರಿಸಿದಳು: "ತುಂಬಾ ಇಷ್ಟವಾಯಿತು. ಆದರೆ ಮಧ್ಯದಲ್ಲಿ ಸಂಗೀತ ಯಾಕೆ ನಿಲ್ಲಿಸಿದಿರಿ?"

ಚಿಕ್ಕಿ, ಅವರಿಗೆ ಯಾರಿಗೂ ಕಿವಿ ಕೇಳುವುದಿಲ್ಲ. ಡ್ರಮ್ಮಿನ ಬಡಿತ ಎದೆಗೂಡಿಗೆ ತಟ್ಟುತ್ತದೆ ಅಂತ ಪ್ರತಿ ಭಾನುವಾರ ಬರುತ್ತಾರಂತೆ. ನನ್ನ ಅತಿ ಒಳ್ಳೆಯ ನಾಲ್ಕು ನಿಮಿಷ ಅವರ ಪಾಲಿಗೆ ಕರೆಂಟು ಹೋದ ಹಾಗೆ. ನನ್ನ ಒಡಹುಟ್ಟಿದ ತಂಗಿ ನೀನು, ನಿನ್ನ ಮೆಣಸಿಗೇ ಕಿವಿ ಕೇಳುವುದಿಲ್ಲ. ಆದರೂ ಎರಡು ವರ್ಷದಿಂದ ನನ್ನ ಕಣ್ಣೆದುರೇ ಕುಣಿಯುತ್ತಿದ್ದವರನ್ನು ನಾನು ಗುರುತಿಸಲಿಲ್ಲ. ಇದಕ್ಕಿಂತ ಕುರುಡು ಇನ್ನೇನಿದೆ ಹೇಳು.

ಮರುದಿನವೇ ಮೇಷ್ಟ್ರ ಮನೆಗೆ ಓಡಿದೆ. ಅವರು ಚೆಲ್ಲೋದ ಬಿಲ್ಲಿಗೆ ರಾಳ ಸವರುತ್ತಾ ನನ್ನ ಮಾತು ಕೇಳಿದರು. "ಏನಮ್ಮಾ, ಕಿವಿ ಇರೋರೇ ನನ್ನ ವಾದ್ಯ ಕೇಳಲ್ಲ. ಇಲ್ಲದವರಿಗೆ ಕೇಳಿಸೋಣ ಅಂತೀಯಲ್ಲ!" ಅಂತ ನಕ್ಕರು. ಆಮೇಲೆ ಏನೋ ನೆನಪಾಗಿ, "ಕೆಳಮನೆಯಾಕೆ ಮಾತ್ರ ಕೇಳ್ತಾಳೆ. ನಾನು ದಪ್ಪ ತಂತಿ ಮುಟ್ಟಿದರೆ ಅವಳ ಮಂಚ ನಡುಗುತ್ತಂತೆ. ಮೂವತ್ತು ವರ್ಷದಿಂದ ಜಗಳ" ಅಂದರು.

ಇಬ್ಬರೂ ಒಟ್ಟಿಗೇ ಬಗ್ಗಿ ವಾದ್ಯದ ತಳ ನೋಡಿದೆವು. ಚೆಲ್ಲೋದ ಅಡಿಯಲ್ಲಿ ಒಂದು ಕಬ್ಬಿಣದ ಮೊನೆ ಇರುತ್ತದೆ, ನೆಲಕ್ಕೆ ಊರಿ ನಿಲ್ಲಿಸಲು. ಅವರ ಮನೆಯ ನೆಲ ಮರದ್ದು, ಕ್ಲಬ್ಬಿನದು ಸಿಮೆಂಟು. ನಮಗೆ ಬೇಕಾದದ್ದು ಹೊಸ ಸ್ಪೀಕರ್ ಅಲ್ಲ, ಹೊಸ ನೆಲ!

ಒಡತಿಯನ್ನು ಕಾಡಿ ಬೇಡಿ ಒಪ್ಪಿಸಿ ಬಡಗಿಯನ್ನು ಕರೆಸಿದೆ. ಮುಚ್ಚಿಹೋದ ಒಂದು ನಾಟಕಶಾಲೆಯ ಹಲಗೆಗಳನ್ನು ಹೊಂದಿಸಿ, ಅಡಿಯಲ್ಲಿ ಟೊಳ್ಳು ಬಿಟ್ಟು, ಅರ್ಧ ಹಾಲಿಗೆ ಮರದ ನೆಲ ಹಾಸಬೇಕು ಅಂದೆ. ಆತ ತಲೆ ಕೆರೆದುಕೊಂಡು, "ನೆಲ ಮಾಡಿಸ್ತೀರೋ ಡೋಲು ಮಾಡಿಸ್ತೀರೋ, ಒಂದು ತೀರ್ಮಾನ ಮಾಡಿ ಮೇಡಂ" ಅಂದ. "ಎರಡೂ" ಅಂದೆ. ವಾದ್ಯಕ್ಕೊಂದು ಸಣ್ಣ ಮೈಕು ಅಂಟಿಸಿ, ಹಲಗೆಗಳ ಕೆಳಗೆ ನಾಲ್ಕು ನಡುಕದ ಪೆಟ್ಟಿಗೆಗಳನ್ನು ಕೂರಿಸಿದೆ. ಅವು ಹಾಡುವುದಿಲ್ಲ, ಮರವನ್ನು ಅಲುಗಿಸುತ್ತವೆ ಅಷ್ಟೆ.

ಫೋನಿನಲ್ಲಿ ಬರೆದು ತೋರಿಸಿದಳಲ್ಲ, ಆಕೆ ವೃತ್ತಿಯಲ್ಲಿ ದರ್ಜಿ. ಪರೀಕ್ಷೆಗೆ ಬಾ ಅಂತ ಕೇಳಿಕೊಂಡೆ. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದ ಹಾಗೇ ಅಂಗಡಿಯಿಂದ ಬಂದಳು, ಚಪ್ಪಲಿ ಬಿಟ್ಟಳು, ಕಣ್ಣು ಮುಚ್ಚಿ ನೆಲದ ಮೇಲೆ ನಿಂತಳು. ಹಿನ್ನೆಲೆಗೆ ನಾನು ಸಣ್ಣದೊಂದು ಡ್ರಮ್ಮು ಇಟ್ಟಿದ್ದೆ. ಆಕೆ ಮುಖ ಗಂಟಿಕ್ಕಿ ಬರೆದಳು: "ಲಾರಿ ಹೋಗ್ತಿದೆ. ಲಾರಿಯ ಆಚೆ ಯಾರೋ ಏನೋ ಹೇಳ್ತಿದ್ದಾರೆ." ಡ್ರಮ್ಮು ತೆಗೆದೆ. ಮೇಷ್ಟ್ರು ದಪ್ಪ ತಂತಿಯ ಮೇಲೆ ಒಂದು ಉದ್ದನೆಯ ಸ್ವರ ಎಳೆದರು. ಆಕೆ ಬಗ್ಗಿ ಮಂಡಿ ಮುಟ್ಟಿಕೊಂಡಳು. ಇನ್ನೊಂದು ಸ್ವರಕ್ಕೆ ಹೊಟ್ಟೆ. ಮತ್ತೊಂದಕ್ಕೆ ಹಲ್ಲು ತೋರಿಸಿ ನಕ್ಕಳು, ಕಚಗುಳಿಯಂತೆ! ಅದಕ್ಕಿಂತ ಮೇಲಿನ ಸ್ವರಗಳಿಗೆ "ಇರುವೆ ಹರಿದ ಹಾಗೆ", ಇನ್ನೂ ಮೇಲೆ ಹೋದರೆ ಏನೂ ಇಲ್ಲ.

ಹತ್ತು ವಾರ ಹೀಗೇ ನಡೆಯಿತು. ಇಡೀ ನಾಲ್ಕು ನಿಮಿಷವನ್ನು ಮತ್ತೆ ಬರೆದೆ. ಹಾಳೆಯ ಅಂಚಿನಲ್ಲಿ ಮಂಡಿ, ಸೊಂಟ, ಹೊಟ್ಟೆ, ದವಡೆ ಅಂತ ಗುರುತು ಹಾಕಿಕೊಂಡೆ. ನನಗೆ ಪ್ರಾಣವಾಗಿದ್ದ ಎತ್ತರದ ಸ್ವರಗಳನ್ನೆಲ್ಲ ಕೈಯಾರೆ ಕತ್ತರಿಸಿದೆ. ಮೇಷ್ಟ್ರು ಹಾಳೆ ನೋಡಿ, "ಇದೇನಮ್ಮಾ, ಸ್ವರಪಟ್ಟಿಯೋ ವೈದ್ಯರ ಚೀಟಿಯೋ?" ಅಂದರು. ಆದರೆ ನುಡಿಸುತ್ತಾ ನುಡಿಸುತ್ತಾ ಒಂದು ದಿನ, "ಮೊದಲಿಗಿಂತ ಚೆನ್ನಾಗಿದೆ ಕಣಮ್ಮ. ಮೊದಲಿನದರಲ್ಲಿ ನಿನ್ನ ಜಂಬ ಜಾಸ್ತಿ ಇತ್ತು" ಅಂದರು. ಅವರಿಂದ ಮೂವತ್ತಮೂರು ವರ್ಷದಲ್ಲಿ ಸಿಕ್ಕ ಮೊದಲ ಶಹಬ್ಬಾಸ್ ಇದು, ಅದರೊಳಗೂ ಒಂದು ಗುದ್ದು!

ಒಡತಿಗೆ ಮಾತ್ರ ನಂಬಿಕೆಯಿರಲಿಲ್ಲ. "ಒಂದು ಭಾನುವಾರ ಕೊಡ್ತೀನಿ. ಆ ನಾಲ್ಕು ನಿಮಿಷದಲ್ಲಿ ಜನ ಎದ್ದು ಹೋದರೆ ನಿಮ್ಮ ನೆಲ ಕಿತ್ತು ಬೆಂಚು ಮಾಡಿಸ್ತೀನಿ. ಆಮೇಲೆ ಬರೀ ಡ್ರಮ್ಮು, ತಂತಿಗಿಂತಿ ಏನೂ ಬೇಡ" ಅಂದರು. ತಮಾಷೆಗೆ ಹೇಳಿದ್ದಲ್ಲ.

ಆ ಭಾನುವಾರವೇ ಮೊನ್ನೆಯದು. ಮಧ್ಯಾಹ್ನ ನಾಲ್ಕು ಗಂಟೆ, ಮಾಡಿನ ಗಾಜಿನಿಂದ ಬಿಸಿಲು ನೆಲಕ್ಕೆ ಇಳಿದಿತ್ತು. ದರ್ಜಿ ತನ್ನವರನ್ನು ನಲವತ್ತು ಜನ ಕರೆತಂದಿದ್ದಳು. ಉಳಿದವರು ಇನ್ನೂರು ಜನ ಇದ್ದರೇನೋ. ಡ್ರಮ್ಮಿಗೆ ಎಲ್ಲರೂ ಕುಣಿದರು, ಅದೇನು ದೊಡ್ಡದಲ್ಲ. ನಾನು ಕೈ ಇಳಿಸಿದೆ, ಡ್ರಮ್ಮು ನಿಂತಿತು. ಮೇಷ್ಟ್ರು ಕಣ್ಣುಮುಚ್ಚಿ ಮೊದಲ ಸ್ವರ ಎಳೆದರು.

ಕಿವಿ ಕೇಳುವ ಇನ್ನೂರು ಜನ, ಎಂದಿನ ಹಾಗೆ, ನಿಂತುಬಿಟ್ಟರು. ಆದರೆ ಆ ನಲವತ್ತು ಜನ ನಿಲ್ಲಲಿಲ್ಲ ಚಿಕ್ಕಿ! ಒಂದು ಸಲ ಬೆಚ್ಚಿಬಿದ್ದರು, ನೆಲ ನೋಡಿಕೊಂಡರು, ಆಮೇಲೆ ನಿಧಾನವಾಗಿ ಕುಣಿಯತೊಡಗಿದರು. ಮೊದಲು ಮಂಡಿ, ಆಮೇಲೆ ಸೊಂಟ. ಸ್ವರ ಮೇಲೇರಿದ ಹಾಗೆ ಮೈಯೂ ಮೇಲೇರುತ್ತಿತ್ತು. ನಾನು ಬರೆದದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು. ಪಕ್ಕದಲ್ಲಿ ನಿಂತವರು ಅವರ ಬರಿಗಾಲು ನೋಡಿದರು. ಒಬ್ಬ ಧಡೂತಿ ಮನುಷ್ಯ ಬಗ್ಗಿ ಬೂಟು ಬಿಚ್ಚಿದ, ನೆಲಕ್ಕೆ ಕಾಲಿಟ್ಟ, "ಅಯ್ಯಯ್ಯೋ!" ಅಂತ ಕೂಗಿ ಹೆಂಡತಿಯನ್ನೂ ಎಳೆದ. ಆಮೇಲೆ ಕೇಳಬೇಕೇ? ಗೋಡೆಯ ಬದಿಗೆ ಬೂಟು ಚಪ್ಪಲಿಗಳ ರಾಶಿ. ಒಡತಿ ತಮ್ಮ ಎತ್ತರದ ಹಿಮ್ಮಡಿಯ ಚಪ್ಪಲಿ ಕೈಯಲ್ಲಿ ಹಿಡಿದು ನಡುವೆ ನಿಂತು ಅಳುತ್ತಾ ಕುಣಿಯುತ್ತಿದ್ದರು. ಗಲಾಟೆಗೆ ಮೇಷ್ಟ್ರು ಕಣ್ಣು ಬಿಟ್ಟರು, ನೋಡಿದರು, ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಸ್ವರ ತಪ್ಪಿದರು. ತಪ್ಪಿದ್ದಕ್ಕೆ ತಾವೇ ನಕ್ಕು ಮುಂದೆ ಹೋದರು.

ಎಲ್ಲ ಮುಗಿದ ಮೇಲೆ ಆ ನಲವತ್ತು ಜನ ಎರಡೂ ಕೈ ಮೇಲೆತ್ತಿ ಬೆರಳು ಅಲುಗಿಸಿದರು, ಅವರ ಚಪ್ಪಾಳೆ ಅದು. ಉಳಿದವರೂ ಹಾಗೇ ಮಾಡಿದರು. ಇಡೀ ಹಾಲು ನಿಶ್ಶಬ್ದ. ಮೇಷ್ಟ್ರ ಮುಖ ಸಪ್ಪಗಾಯಿತು. "ಯಾಕಮ್ಮಾ, ಅಷ್ಟು ಕೆಟ್ಟದಾಗಿತ್ತಾ?" ಅಂತ ಪಿಸುಗುಟ್ಟಿದರು. ವಿಷಯ ಹೇಳಿದೆ. ಬಿಲ್ಲು ನನ್ನ ಕೈಗೆ ಕೊಟ್ಟು, ತಾವೂ ಎರಡು ಕೈ ಎತ್ತಿ, ನಡುಗುವ ಬೆರಳುಗಳನ್ನು ಇನ್ನಷ್ಟು ನಡುಗಿಸಿದರು. ನುಡಿಸುವ ಮೊದಲು ಅವರೂ ಬಿಚ್ಚಿಟ್ಟಿದ್ದ ಬೂಟೊಂದು ಆ ರಾಶಿಯಲ್ಲಿ ಸಿಗಲೇ ಇಲ್ಲ. ಯಾರದೋ ಹಸಿರು ಬೂಟು ಒಂದು ಕಾಲಿಗೆ ಹಾಕಿಕೊಂಡು ಮನೆಗೆ ಹೋದರು. ತಿಂಗಳಿಗೊಂದು ಭಾನುವಾರ ಇದೇ ಆಗಬೇಕು ಅಂತ ಒಡತಿ ಈಗ ನನ್ನ ಪ್ರಾಣ ತಿನ್ನುತ್ತಿದ್ದಾರೆ.

ದರ್ಜಿ ನನಗೆ ಅವರ ಕೈಭಾಷೆಯಲ್ಲಿ ಒಂದು ಹೆಸರಿಟ್ಟಿದ್ದಾಳೆ: ಎರಡು ಹುಬ್ಬಿನ ನಡುವೆ ಬೆರಳಿಟ್ಟು ತಿರುಚುವುದು. ಹುಬ್ಬು ಗಂಟಿನವಳು ಅಂತ. ಮೆಣಸಿಗೆ ತೋರಿಸು, ಬಿದ್ದು ಬಿದ್ದು ನಗುತ್ತಾಳೆ. ಏಪ್ರಿಲ್ ಮೊದಲ ಭಾನುವಾರ ನೀವು ಮೂವರೂ ಬನ್ನಿ. ನಿಮ್ಮ ಹಾಸಿಗೆಗೆ ಜಾಗ ಮಾಡಲು ನನ್ನ ಸ್ಪೀಕರುಗಳನ್ನೆಲ್ಲ ಅಡುಗೆಮನೆಗೆ ಸಾಗಿಸುತ್ತೇನೆ.

ನೂರು ಕಾಲ ಸುಖವಾಗಿರು ತಂಗಿ. ನಿನ್ನ ಮನೆ ಗಲಗಲ ಅನ್ನುತ್ತಿರಲಿ, ನಿನ್ನವರ ಬೆನ್ನು ನೆಟ್ಟಗಾಗಲಿ, ಮೆಣಸಿನ ಖಾರ ಒಂದಿಷ್ಟೂ ಕಡಿಮೆಯಾಗದಿರಲಿ.

ನಿನ್ನ
ಅಕ್ಕ

ತಾ.ಕ.: ಮರೆತಿದ್ದೆ ಅಂತ ಬರೆಯಬಹುದಿತ್ತು, ಮರೆತದ್ದಲ್ಲ, ಧೈರ್ಯ ಸಾಲಲಿಲ್ಲ. ನೀನು ಬಸುರಿಯಾಗಿದ್ದಾಗ ಮಗುವಿಗೆ ಅಂತ ನಾನೊಂದು ಲಾಲಿ ಬರೆಯುತ್ತಿದ್ದೆನಲ್ಲ. ಮಗುವಿಗೆ ಐದು ತಿಂಗಳಾಗಿದ್ದಾಗ ನೀನು ಆಸ್ಪತ್ರೆಯಿಂದ ಫೋನ್ ಮಾಡಿ, "ಅಕ್ಕಾ, ಅವಳಿಗೆ ಕೇಳಿಸಲ್ವಂತೆ" ಅಂದೆ. ಆಮೇಲೆ ಎಂದೋ ನೀನು ಲಾಲಿ ಏನಾಯಿತು ಅಂತ ಕೇಳಿದಾಗ, ಕಂಪ್ಯೂಟರ್ ಕೆಟ್ಟು ಎಲ್ಲ ಹೋಯಿತು ಅಂತ ನಾನು ಹೇಳಿದೆ. ನೀನೇ ನನ್ನನ್ನು ಸಮಾಧಾನ ಮಾಡಿದೆ. ಅದು ಕೆಟ್ಟಿರಲಿಲ್ಲ, ಚಿಕ್ಕಿ. ನೀನು ಫೋನ್ ಇಟ್ಟ ಹತ್ತು ನಿಮಿಷಕ್ಕೆ ನಾನೇ ಅಳಿಸಿದೆ, ಬರೆದ ಹಾಳೆಗಳನ್ನೂ ಹರಿದೆ. ಇನ್ನು ಯಾರಿಗಾಗಿ ಈ ಲಾಲಿ ಅನ್ನಿಸಿತು. ಆವತ್ತು ನಾನು ಅತ್ತದ್ದು ಮಗುವಿಗಾಗಿ ಅಂತ ನೀನು ಅಂದುಕೊಂಡೆ. ಅತ್ತದ್ದು ನನ್ನ ಹಾಡಿಗಾಗಿ. ಇಷ್ಟು ವರ್ಷ ನಿಮ್ಮ ಮನೆಗೆ ಬಂದಾಗಲೆಲ್ಲ ಒಂದೇ ದಿನಕ್ಕೆ ವಾಪಸಾದದ್ದು ಕೆಲಸದ ಒತ್ತಡದಿಂದಲ್ಲ, ಅವಳ ಮುಖ ನೋಡಲಾಗದೆ. ನೀನು ಓದಿದ ಮೇಲೆ ಈ ಕಾಗದವನ್ನು ಅವಳ ಕೈಗೇ ಕೊಡು, ಈಗ ಚೆನ್ನಾಗಿ ಓದುತ್ತಾಳಲ್ಲ. ಸುಳ್ಳು ಹೇಳಿದ್ದು ನಿನಗೆ. ಕಿತ್ತುಕೊಂಡ ಲಾಲಿ ಅವಳದ್ದು.