ಬಾಗಿಲು ಹಾಕಿಕೊಂಡು ಒರೆಸಿದ ಅಂಗಿ

ಹೂವಿನಹಡಗಲಿ,
ಗುರುವಾರ, ೧೨-೩-೧೯೮೧

ತಮ್ಮ ಕಮಾಲಸಾಬನಿಗೆ ನಿನ್ನ ಆಪಾ ಜೈತುನ್ ಬೀಯ ದುವಾ. ದುವಾಕ್ಕಿಂತ ಮೊದಲು ಬೈಗುಳವೇ ಬಾಯಿಗೆ ಬಂದಿತ್ತು, ನುಂಗಿಕೊಂಡು ಬರೆಯುತ್ತಿದ್ದೇನೆ.

ಕೊಟ್ಟೂರಿನ ಬಸ್ಸಿನಲ್ಲಿ ನೀನು ಕಳಿಸಿದ ಗಂಟು ಬೆಳಿಗ್ಗೆ ಬಂತು. ಕಾಮಾಲೆಯಾಗಿ ನಮ್ಮ ಮನೆಯಲ್ಲಿ ಮಲಗಿರುವ ಹೆಂಡತಿಗೆ ಗಂಡ ಮೋಸಂಬಿ ಕಳಿಸಿದ್ದಾನೆ ಅಂದುಕೊಂಡೆ. ಬಿಚ್ಚಿದರೆ ಜಿಡ್ಡು ಹತ್ತಿದ ಎರಡು ಬಿಳಿ ಅಂಗಿ, ಜೊತೆಗೆ ನಿನ್ನ ಅಂಗಡಿಯಲ್ಲಿ ಮೋಟರು ತೊಳೆಯುವ ಆ ದ್ರವದ ಬಾಟಲಿ. ನಾಳೆ ಜುಮ್ಮಾ ನಮಾಜಿಗೆ ಬೇಕಂತೆ, ಸಂಜೆ ಬಸ್ಸಿಗೆ ತಿರುಗಿ ಕಳಿಸಬೇಕಂತೆ. ನಿನಗೆ ಏನನ್ನಲಿ?

ನಿಲ್ಲಲೂ ಆಗದ ನಿನ್ನ ಹೆಂಡತಿ ಹಮೀದಾ ಎದ್ದು ಅಡುಗೆಮನೆಗೆ ಹೋಗಿ ಬಾಗಿಲು, ಕಿಟಕಿ ಎರಡೂ ಮುಚ್ಚಿದಳು. ನೂಕಿಕೊಂಡು ಒಳಗೆ ಹೋಗಿ, "ಯಾಕವ್ವಾ, ಉಸಿರು ಕಟ್ಟಿ ಸಾಯಬೇಕಂತ ಮಾಡೀಯೇನು?" ಎಂದೆ. "ಗಾಳಿಗಿಟ್ರ ಹಾರಿ ಹೋಗ್ತೈತ್ರಿ ಆಪಾ. ಬಾಟ್ಲಿ ತುಟ್ಟಿ ಐತಿ, ಬಾಗಲಾ ಹಾಕ್ಕೊಂಡು ಒರಸು ಅಂದಾರ ನಿಮ್ಮ ತಮ್ಮ" ಎಂದಳು. ಪ್ರತಿ ಗುರುವಾರ ಹೀಗೆಯೇ ಅಂತೆ. ತಲೆ ತಿರುಗಿದರೆ ಅಲ್ಲೇ ಒಲೆಯ ಪಕ್ಕ ಉರುಳಿಕೊಳ್ಳುತ್ತಿದ್ದಳಂತೆ. ದ್ರವ ಹಾರಿಹೋಗಬಾರದು, ಹೆಂಡತಿ ಹೋದರೆ ನಡೆಯುತ್ತದೆ, ಅಲ್ಲವೇನೋ?

ಬಾಟಲಿ ಹಿಡಿದು ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ನಾವು ಕುರಿಯದ್ದು ಹುರಿದು ತಿನ್ನುವ ಕಲೀಜಿ, ಡಾಕ್ಟರು ಲಿವರ್ ಅನ್ನುವುದು, ಇದೆಯಲ್ಲ, ಮನುಷ್ಯರಲ್ಲಿ ಅದೇ ರಕ್ತದೊಳಗಿನ ವಿಷ ಸೋಸುತ್ತದಂತೆ. ಈ ದ್ರವದ ಹಬೆ ಉಸಿರಿನ ಮೂಲಕ ಒಳಗೆ ಹೋಗಿ ಆ ಸೋಸುವುದನ್ನೇ ಸುಡುತ್ತದಂತೆ. ದೂರ ಇಟ್ಟರೆ ಇನ್ನೂ ಚೇತರಿಸಿಕೊಂಡೀತು, ಮತ್ತೆ ಮುಟ್ಟಿದರೆ ತಮ್ಮ ಕೈಯಲ್ಲಿಲ್ಲ ಅಂದರು. ಹೋದ ಸಲವೂ ಇಲ್ಲಿದ್ದಾಗ ಕಣ್ಣು ತಿಳಿಯಾಗಿತ್ತು, ಕೊಟ್ಟೂರಿಗೆ ಬಂದ ಮೇಲೆ ಮತ್ತೆ ಹಳದಿ. ನೀನು "ಕರಿದದ್ದು ತಿಂದಾಳ" ಎಂದು, ಕಾಮಾಲೆ ಇಳಿಯಲಿ ಅಂತ ಅವಳ ಮುಂಗೈಗೆ ಬರೆ ಹಾಕಿಸಿದೆ. ಆ ಗಾಯ ಇನ್ನೂ ಒಣಗಿಲ್ಲ. ಸುಟ್ಟದ್ದು ಎಲ್ಲಿ, ನೀನು ಸುಡಿಸಿದ್ದು ಎಲ್ಲಿ.

ಅಂಗಿಗಳನ್ನು ಹಾಗೆಯೇ ಕಳಿಸಿದ್ದೇನೆ. ಜಿಡ್ಡಿನ ಸಮೇತ ನಮಾಜಿಗೆ ಹೋಗು. ನೀನು ಮೋಟರು ರಿಪೇರಿಯವನೆಂದು ಅಲ್ಲಾಹನಿಗೆ ಹೊಸದಾಗಿ ಗೊತ್ತಾಗಬೇಕೇ? ಆ ದ್ರವ ನಿನ್ನ ಮನೆ ಬಿಡುವವರೆಗೆ ಹಮೀದಾ ನನ್ನ ಮನೆ ಬಿಡುವುದಿಲ್ಲ.

ಬೈದರೂ ನಿನ್ನನ್ನು ಎತ್ತಿ ಆಡಿಸಿದವಳು,
ಜೈತುನ್ ಬೀ

ತಾ.ಕ.: ಗಂಟು ತಂದ ಕಂಡಕ್ಟರ್ ಫಕೀರಸಾಬ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ನಿಮ್ಮ ತಮ್ಮನ ಕಣ್ಣೂ ಅರಿಶಿಣ ಆಗ್ಯಾವ್ರಿ ಆಪಾ. ಕೇಳಿದ್ರ ನಿದ್ದಿ ಇಲ್ಲ ಅಂತಾನ." ದಿನವಿಡೀ ಅಂಗಡಿಯಲ್ಲಿ ಅದನ್ನೇ ಕುಡಿಯುವ ಮೂಗು ನಿನ್ನದು. ಹಮೀದಾಳಿಗೆ ಹೇಳಿಲ್ಲ, ಹೇಳಿದರೆ ಈಗಲೇ ಎದ್ದು ಕೊಟ್ಟೂರಿನ ಬಸ್ಸು ಹತ್ತುತ್ತಾಳೆ. ಅಂಗಡಿಗೆ ಬೀಗ ಹಾಕಿ ಬೆಳಗಿನ ಬಸ್ಸಿಗೆ ಬಾರೋ. ನೀನು ಹತ್ತುವವರೆಗೂ ಸೀಟಿ ಊದಬೇಡ ಎಂದು ಫಕೀರಸಾಬನಿಗೆ ಹೇಳಿದ್ದೇನೆ.