ನಲವತ್ತೊಂದನೇ ಫೋಟೋ

ಮಾಧುರಿ,

ಇದನ್ನ ನಿನಗ ಕಳಸಂಗಿಲ್ಲ, ಅದಕ್ಕ ಖರೇ ಬರೀತೀನಿ. ಆ ಸಣ್ಣ ಕ್ಯಾಮೆರಾ ನಾ ತಗೊಂಡಿದ್ದು ಶೀತಲಳ ಮ್ಯಾಲಿನ ಹೊಟ್ಟಿಕಿಚ್ಚಿಗೆ. ಆಕಿ ನಿಮ್ಮ ಎದುರು ಮನಿಗೆ ಬಂದ ಮ್ಯಾಲ ನಿನ್ನ ಸ್ಟೇಟಸ್ ತುಂಬ ಆಕಿ ತೆಗೆದ ಮೊಬೈಲ್ ಫೋಟೋನ. ಸಾಲಿಯಿಂದ ನಿನ್ನ ಗೆಳತಿ ನಾನು, ಒಂದರಾಗೂ ಇಲ್ಲ.

ಕ್ಯಾಮೆರಾ ಮಾತ್ರ ಭಾರಿ ಶಾಣ್ಯಾ ಅದ. ಮುಷ್ಟಿಯಾಗ ಕೂಡ್ತದ. ತೆಗೆದದ್ದು ತಾನ ಫೋನಿಗೆ ಹೋಗ್ತದ. ಮೊನ್ನೆ ನಿನ್ನ ಏಳು ತಿಂಗಳ ಕುಬಸದಾಗ, ಬಿಬವೇವಾಡಿ ಮಂಗಲ ಕಾರ್ಯಾಲಯದ ಕಡೀ ಸಾಲಿನಿಂದ ಝೂಮ್ ಮಾಡಿದ್ರ, ನಿನ್ನ ನತ್ತಿನ ಮುತ್ತು ಎಣಿಸಬಹುದಿತ್ತು. ಮುಂದ ಯಾಕ ಹೋಗ್ಲಿ ಅಂತ ಅಲ್ಲೇ ನಿಂತೆ.

ನಿಮ್ಮ ಅತ್ತಿ, "ಐದು ಮಂದಿ ಮುತ್ತೈದೇರು ಬರ್ರಿ, ಉಡಿ ತುಂಬ್ರಿ" ಅಂದ್ರು. ನಾಕು ಮಂದಿ ಆದ್ರು. ನೀ ನನ್ನ ಕಡೆ ನೋಡಿ ಕೈ ಎತ್ತಿದಿ. ಫೋಟೋಕ್ಕಷ್ಟ ನಾ ಬೇಕು, ಪೋಸ್ ಕೊಡ್ತಾಳ ಅಂತ ಹೊಟ್ಟಿ ಉರೀತು. ಒತ್ತಿದೆ. ಅಷ್ಟರಾಗ ಶೀತಲ ಎದ್ದು ಬಂದು ನಿನ್ನ ಉಡಿಗೆ ಅಕ್ಕಿ, ಕೊಬ್ಬರಿ ಹಾಕಿದಳು. ನಾ ಊಟಕ್ಕ ನಿಲ್ಲಲಿಲ್ಲ.

ಆ ಪೋಸಿನ ಫೋಟೋ ಒಂದು ಬಿಟ್ಟು ಉಳಿದ ನಲವತ್ತೂ ನಿನಗ ಕಳಿಸಿದೆ. ಇವತ್ತು ನಿನ್ನ ಮೆಸೇಜ್ ಬಂತು: "ಭಾಳ ಛಂದ ಬಂದಾವ. ನೀ ಯಾಕ ಮುಂದ ಬರಲಿಲ್ಲ?"

"ಕರದಿದ್ರ ಬರ್ತಿದ್ದೆ" ಅಂತ ಬರದೆ. ಕಳಸೋಕಿಂತ ಮೊದಲ ಆ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಒಂದು ಕೈಯಾಗ ಸೆರಗು ಒಡ್ಡಿ ಹಿಡದೀದಿ. ಎತ್ತಿದ ಕೈಯಾಗಿನ ನಾಕೂ ಬೆರಳು ನಿನ್ನ ಕಡೆ ಅರ್ಧ ಮಡಚ್ಯಾವ.

ಪೋಸ್ ಕೊಡೋರು ಹಂಗ ಮಡಚಂಗಿಲ್ಲ, ಮಾಧುರಿ.