ಬಸಿಗಾಲುವೆಯ ನೀರು

ನುಕುಸ್
೧೭ ಮೇ ೧೯೮೪, ಗುರುವಾರ

ನನ್ನ ಅಕ್ಕನ ಮುದ್ದಿನ ಮಗಳು ಅಯ್ಜಮಾಲ್‌ಗೆ,

ನಿನ್ನ ಮಾವ ಉತೆಪ್ ಮಾಡುವ ಸಲಾಮುಗಳು. ನೀನೂ ಅಳಿಯಂದಿರೂ ಸೌಖ್ಯವೇ? ಮಾರ್ಚಿನಲ್ಲಿ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಮೂರು ಸಲ ಕೂತೆ, ಮೂರು ಸಲವೂ ಪೆನ್ನಿನ ಮಸಿ ಒಣಗಿತ್ತು ಎಂದರೆ ನೀನು ನಂಬುವುದಿಲ್ಲ. ನಾಲ್ಕನೇ ತರಗತಿಯಲ್ಲಿ ನಮ್ಮ ಮೇಷ್ಟ್ರೂ ನಂಬಿರಲಿಲ್ಲ. ಅಲ್ಲಿಗೆ ನನ್ನ ಓದು ಮುಗಿಯಿತು. ನೀನು ಸಮರ್ಕಂದದಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಇದಕ್ಕೆ ಕೆಂಪು ಗೀಟು ಎಳೆಯದೆ ಓದು.

ಹೆರಿಗೆ ಆಸ್ಪತ್ರೆಯ ಹಿಂದೆ ನಾವು ಹಾಕಿದ ಕರಗಾಚ್ ಸಸಿಗಳಿಗೆ ಈಗ ಮೂರು ವರ್ಷ. ಮುನ್ನೂರ ಹನ್ನೆರಡು. ಮೊದಲ ಚಳಿಗಾಲ ಪೂರ್ತಿ ಪಾತಿಗಳಲ್ಲಿ ನೀರು ನಿಲ್ಲಿಸಿ ಮಣ್ಣಿನ ಉಪ್ಪು ತೊಳೆದವರು ಯಾರು? ನಾನು. ಬುಡಕ್ಕೆ ಸುಣ್ಣ ಬಳಿದವರು? ನಾನು. ನಿನ್ನಪ್ಪ ನೀರುಗಂಟಿ, ತೂಬುಗಳ ಬೀಗದ ಕೈ ಅವನ ಬಳಿ ಇರುತ್ತದೆ, ನಿಜ. ಆದರೆ ಸಸಿ ಮುಖ ನೋಡಿ ನಗುವುದು ನನ್ನನ್ನು ಕಂಡಾಗ ಮಾತ್ರ. ಹೀಗೆಂದರೆ ನಮ್ಮ ತಂಡದ ತಾಜಿಗುಲ್, "ನಗದೆ ಏನ್ಮಾಡ್ತವೆ ಉತೆಪಣ್ಣ, ನಿನ್ ಮೀಸೆ ನೋಡಿದ್ರೆ ಕತ್ತೆನೂ ನಗುತ್ತೆ" ಎನ್ನುತ್ತಾಳೆ. ಅವಳ ಬಾಯಿಗೆ ಈ ಊರಲ್ಲಿ ಯಾರೂ ಬೇಲಿ ಹಾಕಿಲ್ಲ.

ಹೋದ ವರ್ಷ ಬತ್ತುತ್ತಿರುವ ಸಮುದ್ರದ ಕಡೆಯಿಂದ ಉಪ್ಪುಗಾಳಿ ಬೀಸಿದಾಗ ಆಸ್ಪತ್ರೆಯ ತೊಟ್ಟಿಲುಗಳ ಮೇಲೆ ಬಿಳಿ ಪುಡಿ ಕೂತಿತ್ತು. ಈ ವರ್ಷ ನಮ್ಮ ಮರಗಳು ಗಾಳಿ ತಡೆದು ಅಷ್ಟು ಕೂರಲಿಲ್ಲ. ದಾದಿಯರು ನಮಗೆಲ್ಲ ಬಿಸಿ ರೊಟ್ಟಿ ಕೊಟ್ಟರು.

ಈಗ ಆ ಮರಗಳು ಸಾಯುತ್ತಿವೆ, ಮಗಳೇ.

ಹನ್ನೆರಡು ದಿನದ ಹಿಂದೆ ಯಾರೋ ಬಸಿಗಾಲುವೆಯ ತೂಬು ತೆಗೆದರು. ಹತ್ತಿಹೊಲಗಳನ್ನು ತೊಳೆದ ಉಪ್ಪುನೀರೆಲ್ಲ ಹರಿಯುವ ಕಾಲುವೆ ಅದು. ಅದರ ನೀರನ್ನು ನಾಯಿಯೂ ಮೂಸುವುದಿಲ್ಲ. ಒಂದು ಮಧ್ಯಾಹ್ನದಲ್ಲಿ ಅದು ಎಲ್ಲ ಪಾತಿಗಳಲ್ಲೂ ತುಂಬಿ ನಿಂತಿತು. ನಾಲ್ಕನೇ ದಿನಕ್ಕೆ ಎಲೆಯ ತುದಿ ಕಂದಿತು. ಈಗ ಬುಡದ ಸುತ್ತ ಬಿಳಿಯ ಹಪ್ಪಳ ಕಟ್ಟಿದೆ. ಕಾಲಿಟ್ಟರೆ ಚರಚರ ಎನ್ನುತ್ತದೆ. ಹೆಂಗಸರು ಬೀದಿಯ ನಲ್ಲಿಯಿಂದ ಬಕೆಟ್ಟಿನಲ್ಲಿ ಸಿಹಿನೀರು ಹೊತ್ತು ಸುರಿಯುತ್ತಿದ್ದಾರೆ. ಒಂದು ಮರಕ್ಕೆ ನಲವತ್ತು ಬಕೆಟ್ಟು ಬೇಕು. ನಿನ್ನಪ್ಪನೂ ಹೊರುತ್ತಿದ್ದಾನೆ. ಬೀಗದ ಕೈಗಳನ್ನು ಅವನಿಂದ ಕಿತ್ತುಕೊಂಡಿದ್ದಾರೆ.

ವಿಚಾರಣೆಗೆ ಮೂವರು ಬಂದಿದ್ದರು. ಅವರಲ್ಲೊಬ್ಬ ಕನ್ನಡಕದ ಹೆಂಗಸು ಮಣ್ಣನ್ನು ಶೀಸೆಗೆ ತುಂಬಿಕೊಂಡು, "ಇದು ಬೇಕಂತಲೇ ಮಾಡಿದ್ದಾ, ತಿಳೀದೆ ಮಾಡಿದ್ದಾ?" ಎಂದಳು.

ನಿನ್ನಪ್ಪ, "ಬೀಗದ ಕೈ ನಂದು" ಎಂದ, ಅಷ್ಟೇ.

"ಅದನ್ನ ಕೇಳ್ಲಿಲ್ಲ. ತೆಗೆದೋರು ಯಾರು?"

"ಬೀಗದ ಕೈ ನಂದು ತಾಯಿ."

ಸೋಮವಾರ ಅವರು ಮತ್ತೆ ಬರುತ್ತಾರೆ. ಅವನು ತಪ್ಪೊಪ್ಪಿ ರುಜು ಹಾಕಿದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಕೊಟ್ಟ ಮನೆಯೂ ಹೋಗುತ್ತದೆ. ಆಮೇಲೆ ಕೋರ್ಟು. ಎರಡು ವರ್ಷ ಒಳಗೆ ಎಂದು ಕೆಲವರು, ಮೂರು ಎಂದು ಕೆಲವರು ಹೇಳುತ್ತಾರೆ. ನಿನ್ನಮ್ಮ ದಿನವೂ ಹಿಟ್ಟು ನಾದುತ್ತಾಳೆ, ರೊಟ್ಟಿ ತಟ್ಟುವುದನ್ನು ಮರೆಯುತ್ತಾಳೆ. ಯಾವುದಾದರೂ ಕಾರು ನಿಂತ ಸದ್ದಾದರೆ ನಾನು ಹಿತ್ತಲಿನ ತಂದೂರಿನ ಹಿಂದೆ ಹೋಗಿ ಕೂರುತ್ತೇನೆ. ಕರಡಿಯೊಡನೆ ಕುಸ್ತಿ ಆಡಿದ್ದೇನೆಂದು ನಿನಗೆ ಹೇಳುತ್ತಿದ್ದವನು ನಾನೇ. ನಿನ್ನೆ ಬಂದವನು ಹಾಲಿನವನು. ತಾಜಿಗುಲ್ ನೋಡಿಬಿಟ್ಟಳು.

"ಏನ್ ಉತೆಪಣ್ಣ, ಅಲ್ಲೇನು ಮೊಟ್ಟೆ ಇಡ್ತಿದ್ದೀಯಾ?"

ತಲೆಯ ಬೂದಿ ಕೊಡವಿಕೊಂಡು ಒಳಗೆ ಹೋದೆ. ನಿನಗೆ ಗೊತ್ತು, ಅವಳಿಗೆ ಎಂದೂ ಕೊನೆಯ ಮಾತು ಬಿಟ್ಟುಕೊಟ್ಟವನಲ್ಲ ನಾನು.

ಇನ್ನು ನಿಲ್ಲಿಸುತ್ತೇನೆ. ನಿನ್ನ ಮನೆಯ ಒಲೆ ಆರದಿರಲಿ, ನಿನ್ನ ದಸ್ತರ್‌ಖಾನಿನ ಮೇಲೆ ಎಂದೂ ರೊಟ್ಟಿ ತೀರದಿರಲಿ, ನಿನ್ನ ಹೆಸರು ಹೇಳಿದವರ ಮುಖ ಅರಳಲಿ. ಅಳಿಯಂದಿರಿಗೆ ನನ್ನ ಸಲಾಮು.

ಇಂತು ನಿನ್ನ ಮಾವ,
ಉತೆಪ್

ಮರೆತ ಮಾತು: ಮರೆತಿರಲಿಲ್ಲ. ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ.

ತೂಬು ತೆಗೆದವನು ನಾನು.

ಅಂದು ನಿನ್ನಪ್ಪ ಹಲ್ಲು ಕೀಳಿಸಲು ಹೋಗಿದ್ದ. ಸಿಹಿನೀರಿನ ಕಾಲುವೆ ಒಣಗಿ ವಾರವಾಗಿತ್ತು, ಸಸಿಗಳು ಜೋತುಬಿದ್ದಿದ್ದವು. ಹೆಂಗಸರು ಊಟಕ್ಕೆ ಕೂತಾಗ ನಾನು ಅವನ ಮನೆಯ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಹೋದೆ. ನೀರುಗಂಟಿಯ ಕೈಲಾಗದ್ದನ್ನು ಉತೆಪ್ ಮಾಡಿದ ಎನ್ನಿಸಿಕೊಳ್ಳುವ ಚಪಲ. ಗತಿಯಿಲ್ಲದಾಗ ಬಸಿಗಾಲುವೆಯ ನೀರನ್ನೂ ಸಪ್ಪೆಯಿದ್ದರೆ ಬಿಡುವುದುಂಟು. ಕಣ್ಣು ಮುಚ್ಚಿ ಬಿಡಲಿಲ್ಲ. ನಮ್ಮವರೆಲ್ಲ ಮಾಡುವಂತೆ ಬೊಗಸೆ ನೀರು ಬಾಯಿಗೆ ಹಾಕಿ ನೋಡಿಯೇ ಬಿಟ್ಟೆ. ಸಪ್ಪೆಯಾಗಿತ್ತು. ನಾಲಿಗೆಯಡಿ ಹೊಗೆಸೊಪ್ಪಿನ ನಾಸ್ ಇತ್ತು, ಮಗಳೇ. ಬೆಳಗಿನಿಂದ ಮೂರನೆಯ ಸಲ ಇಟ್ಟಿದ್ದೆ. ಆ ನಾಲಿಗೆಗೆ ಉಪ್ಪೂ ಒಂದೇ, ಸಕ್ಕರೆಯೂ ಒಂದೇ. ಅದನ್ನು ಉಗುಳಿ ಬಾಯಿ ತೊಳೆದು ರುಚಿ ನೋಡಬೇಕೆಂದು ತಂಡಕ್ಕೆ ಮೊನ್ನೆ ಸೇರಿದ ಹುಡುಗಿಗೂ ಗೊತ್ತು.

ಮರಳಿ ಬಂದಾಗ ಹೆಂಗಸರು, "ನಮ್ಮ ನೀರುಗಂಟಿ ಚಿನ್ನದಂಥೋನು, ಹಲ್ಲು ನೋವಲ್ಲೂ ನೀರು ಬಿಟ್ಟವ್ನೆ" ಎಂದು ಹೊಗಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಬಿಟ್ಟದ್ದು ನಾನು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ತಾಜಿಗುಲ್ ಪಾತಿಯಲ್ಲಿ ಬೆರಳದ್ದಿ ನೆಕ್ಕಿ ಥೂ ಎಂದು ಉಗಿದಳು. ಜೀವಮಾನದಲ್ಲಿ ಅದೊಂದು ಬಡಾಯಿಯನ್ನು ಮಾತ್ರ ನುಂಗಿದೆ. ಅದು ಇನ್ನೂ ಗಂಟಲಲ್ಲೇ ಇದೆ.

ನಿನ್ನಪ್ಪನಿಗೆ ಗೊತ್ತು. ಊದಿದ ಕೆನ್ನೆ ಹಿಡಿದುಕೊಂಡೇ ಓಡಿಬಂದು ತೂಬು ಮುಚ್ಚಿದವನು ಅವನು. ಹಲಗೆಯ ಮೇಲೆ ನನ್ನ ಹಸಿರು ಉಗುಳು ಬಿದ್ದಿತ್ತು. ತಂಡದಲ್ಲಿ ನಾಸ್ ಇಡುವವನು ನಾನೊಬ್ಬನೇ. ಅವನು ನನ್ನನ್ನು ನೋಡಿದ. ಬಗ್ಗಿ, ಒಂದು ಹಿಡಿ ಕೆಸರು ತೆಗೆದು ಅದರ ಮೇಲೆ ಸವರಿದ. "ನಿನ್ನ ಹಿಡಿದುಕೊಟ್ಟು, ನಿನ್ನಕ್ಕ ಬಗ್ಗಿಸಿದ ಚಹಾ ಹೆಂಗೆ ಕುಡೀಲಿ? ಸುಮ್ಕಿರು" ಎಂದ. ಕನ್ನಡಕದ ಹೆಂಗಸು ಎರಡು ಸಲ ಕೇಳಿದಾಗಲೂ ಮೂರು ಹೆಜ್ಜೆ ದೂರದಲ್ಲಿ ಸುಮ್ಮನೆ ನಿಂತಿದ್ದೆ.

ಸೋಮವಾರ ಹೇಳುತ್ತೇನೆ ಎಂದುಕೊಂಡಿದ್ದೇನೆ. ಮೊನ್ನೆಯೂ ಹೀಗೇ ಅಂದುಕೊಂಡಿದ್ದೆ. ನನಗೆ ಜೈಲಿನ ಭಯ. ಅದಕ್ಕಿಂತ ನನ್ನಕ್ಕನ ಮುಖದ ಭಯ. ಈ ಕಾಗದ ನಿನಗೆ ತಲಪುವ ಹೊತ್ತಿಗೆ ಸೋಮವಾರ ಕಳೆದಿರುತ್ತದೆ. ಹೇಳಿದ್ದರೆ ಅವತ್ತೇ ನಿನಗೆ ತಂತಿ ಕೊಟ್ಟಿರುತ್ತೇನೆ. ತಂತಿ ಬಂದಿಲ್ಲವೆಂದರೆ ನಾನು ತಂದೂರಿನ ಹಿಂದೆ ಕೂತಿದ್ದೇನೆ ಎಂದೇ ತಿಳಿ. ಆಗ ನನ್ನನ್ನು ಕೇಳಬೇಡ, ಸುಳ್ಳು ಹೇಳಿಬಿಡುತ್ತೇನೆ. ಸೀದಾ ಬಂದು ಈ ಕಾಗದವನ್ನು ತಾಜಿಗುಲ್ ಕೈಗೆ ಕೊಡು. ಅವಳು ಗಟ್ಟಿಯಾಗಿ ಓದುತ್ತಾಳೆ.